ಕೊನೆ ಬೋಗಿಯ ಸರಪಳಿ

ತೊಳೆದ ಲೋಟಗಳನ್ನೇ ಅವಳು ಮತ್ತೆ ಮತ್ತೆ ತೊಳೆಯುತ್ತಿದ್ದಳು. ಅಪ್ಪನನ್ನು ಮಣ್ಣು ಮಾಡಿ ಬಂದವರು ನಡುಮನೆಯಲ್ಲಿ ಚಹಾಕ್ಕೆ ಕಾದು ಕೂತಿದ್ದರು. ಅವರ ಎದುರಿಗೆ ಹೋಗಲು ಅವಳಿಗೆ ಕಾಲೇ ಬಾರದು.

"ಏನೇ, ಲೋಟ ಸವೆಯೋ ತನಕ ಉಜ್ತೀಯಾ?" ಸೋದರತ್ತೆ ಬಾಗಿಲಲ್ಲಿ ನಿಂತು ಗದರಿದಳು. "ಪಾರ್ಕಿನವರು ಬಂದಿದಾರೆ. ಬಂದು ಮುಖ ತೋರಿಸು."

ಪಾರ್ಕು ಎಂದರೆ ಊರಿನ ಮಕ್ಕಳ ಉದ್ಯಾನ. ರಜೆ ಬಂತೆಂದರೆ ಊರಿಗೆ ಊರೇ ಅಲ್ಲಿಗೆ ಮುಗಿಬೀಳುತ್ತಿತ್ತು. ಮೊದಲು ಮೀನುಮನೆ, ಆಮೇಲೆ ದೋಣಿ, ಕೊನೆಗೆ ಪುಟಾಣಿ ರೈಲು. ಆ ರೈಲನ್ನು ಅಪ್ಪ ಹದಿಮೂರು ವರ್ಷ ಓಡಿಸಿದ್ದ. ಮಿಕ್ಕ ಇಪ್ಪತ್ತು ವರ್ಷ ಮೀನುಮನೆಯ ಗಾಜು ಒರೆಸಿದ.

ಪಾರ್ಕಿನ ಟಿಕೆಟ್ ಕಿಟಕಿಯಲ್ಲಿ ಕೂರುತ್ತಿದ್ದ ಮುದುಕ ಅವಳು ಹಿಡಿದುಬಂದ ತಟ್ಟೆಯಿಂದ ಲೋಟ ತೆಗೆದುಕೊಂಡ. "ನಿಮ್ಮಪ್ಪ ಗಾಜು ಒರೆಸ್ತಾ ಒಳಗಿನ ಮೀನಿಗೆ 'ಸ್ವಲ್ಪ ಜರುಗಪ್ಪ' ಅಂತಿದ್ದ ಕಣಮ್ಮ. ಅದು ನಿಜವಾಗ್ಲೂ ಜರುಗ್ತಿತ್ತು!"

"ನಿಮ್ಮ ಮಾತನ್ನ ಆ ಮೀನೂ ನಂಬಲ್ಲ," ಎಂದಳು ಅತ್ತೆ, ಅಳುವಿನ ನಡುವೆಯೇ.

ಉದ್ಯಾನದ ಈಗಿನ ಮೇಲಧಿಕಾರಿ ಗಂಟಲು ಸರಿಮಾಡಿಕೊಂಡರು. "ರೈಲಿಗೆ ಐವತ್ತು ವರ್ಷ ತುಂಬ್ತಿದೆ. ಓಡಿಸಿದವರ ಹೆಸರೆಲ್ಲ ಕಲ್ಲಲ್ಲಿ ಕೆತ್ತಿಸ್ತಿದೀವಿ. ಇವರದ್ದೂ ಇರಬೇಕಿತ್ತು. ಆದ್ರೆ ಕಡತದಲ್ಲಿ ಅದೊಂದಿದೆಯಲ್ಲ... ಬೋಗಿ ಬಾಗಿಲಿಗೆ ಸರಪಳಿ ಹಾಕೋದು ಮರೆತು ರೈಲು ಬಿಟ್ರು ಅಂತ."

"ಆ ದಿನ ಅವನ ಬುದ್ಧಿ ಎಲ್ಲಿ ಮೇಯೋಕೆ ಹೋಗಿತ್ತೋ," ಎಂದು ಅತ್ತೆ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

ತಟ್ಟೆ ಹಿಡಿದವಳು ನೆಲ ನೋಡಿದಳು. ಬಾಯಿ ತೆರೆದಳು.

"ಸಕ್ಕರೆ ಸಾಕಾ?" ಎಂದಳು.

* * *

ಆಗ ಅವಳಿಗೆ ಹನ್ನೆರಡು. ರಜೆಯ ದಿನ ಕೊನೆ ಬೋಗಿಯ ಬಾಗಿಲಿಗೆ ಸರಪಳಿ ಸಿಕ್ಕಿಸಿ ಸೀಟಿ ಊದುವುದು ಅವಳ ಕೆಲಸ. ಅಪ್ಪ ಹಿಂತಿರುಗಿಯೂ ನೋಡುತ್ತಿರಲಿಲ್ಲ; ಮಗಳ ಸೀಟಿ ಕೇಳಿತೆಂದರೆ ರೈಲು ಹೊರಟಿತೆಂದೇ.

ಅಂದು ಸಾಲಿನಲ್ಲಿ ಅವಳ ತರಗತಿಯ ಹುಡುಗಿಯರು ಕಂಡರು. ನಮ್ಮಪ್ಪ ದೊಡ್ಡ ರೈಲು ಓಡಿಸೋದು ಎಂದು ಅವರ ಮುಂದೆ ಜಂಬ ಕೊಚ್ಚಿಕೊಂಡಿದ್ದಳು. ಓಡಿಹೋಗಿ ಮೀನುಮನೆಯ ಗೋಡೆಯ ಹಿಂದೆ ಅವಿತು, ಅಲ್ಲಿಂದಲೇ ಸೀಟಿ ಊದಿಬಿಟ್ಟಳು. ತಿರುವಿನಲ್ಲಿ ಪುಟ್ಟ ಹೆಣ್ಣುಮಗುವೊಂದು ಕೊನೆ ಬೋಗಿಯಿಂದ ಉರುಳಿ ಬಿತ್ತು. ಕೈಮೂಳೆ ಮುರಿಯಿತು.

"ನಾನೇ ಮರೆತೆ," ಎಂದ ಅಪ್ಪ, ಯಾರೂ ಕೇಳುವ ಮೊದಲೇ.

ಹದಿನೇಳಕ್ಕೆ ಅವಳು ನಡೆದದ್ದನ್ನೆಲ್ಲ ಕಾಗದದಲ್ಲಿ ಬರೆದು, ಮೇಲಧಿಕಾರಿಗಳಿಗೆ ಎಂದು ವಿಳಾಸ ಹಾಕಿ, ಅಪ್ಪನಿಗೆ ತೋರಿಸಿದಳು. ಅಪ್ಪ ಓದಿ ಮಡಿಚಿಕೊಟ್ಟ.

"ನಾನಿರೋ ತನಕ ಬೇಡ ಮಗಳೇ. ಸೀಟಿ ನಿನ್ನ ಕೈಗೆ ಕೊಟ್ಟವನು ನಾನು ತಾನೇ?"

ಅವಳು ಅತ್ತದ್ದು ನಿಜ. ಎದೆ ಹಗುರಾದದ್ದೂ ನಿಜ. ಅಪ್ಪನ ಮಾತು ಮೀರಬಾರದಲ್ಲ ಎಂದು ಅಂದಿನಿಂದ ತನಗೆ ತಾನೇ ಹೇಳಿಕೊಂಡು ಬಂದಳು. ಆ ಮಾತು ತನಗೆಷ್ಟು ಅನುಕೂಲವಾಯಿತೆಂದು ನೆನೆದರೆ ಈಗಲೂ ಅವಳ ಕಿವಿ ಬಿಸಿಯಾಗುತ್ತಿತ್ತು.

* * *

ಮೇಲಧಿಕಾರಿ ಚಪ್ಪಲಿ ಮೆಟ್ಟುತ್ತಿದ್ದರು. ಅವಳು ಬಾಗಿಲ ತನಕ ಬಂದಳು.

"ಕಡತದಲ್ಲಿರೋದನ್ನ ತಿದ್ದೋಕಾಗುತ್ತಾ ಸಾರ್?"

"ಬರಹದಲ್ಲಿ ಬರಬೇಕಮ್ಮ. ಅಂಚೆಯಲ್ಲಿ, ರುಜು ಸಮೇತ. ಬಾಯಿಮಾತು ನಡೆಯಲ್ಲ. ಹೆಸರು ಕೆತ್ತೋದು ಮುಂದಿನ ವಾರ."

ಅವರು ಬೀದಿ ತಿರುಗುವ ಮೊದಲೇ ಅವಳು ಬೀರುವಿನ ತಳದಿಂದ ಆ ಹಳೆಯ ಕಾಗದವಿದ್ದ ಲಕೋಟೆ ತೆಗೆದಳು.

"ಎಲ್ಲಿಗೆ ಹೊರಟೆ?" ಅತ್ತೆ ಅಡ್ಡ ನಿಂತಳು. "ಅಪ್ಪನ್ನ ಕಳಿಸಿ ಬಂದ ದಿನವೇ ಬೀದಿ ಸುತ್ತಿದ್ರೆ ಜನ ಏನಂತಾರೆ?"

"ಅನ್ನಲಿ ಅತ್ತೆ. ಇಷ್ಟು ವರ್ಷ ಅಪ್ಪನ್ನ ಅಂದಿದ್ದು ಸಾಕು. ಆ ಸರಪಳಿ ಹಾಕದೆ ಸೀಟಿ ಊದಿದ್ದು ನಾನು."

ಅತ್ತೆ ಗೋಡೆ ಹಿಡಿದುಕೊಂಡಳು. ದಾರಿ ಬಿಟ್ಟಳು.

ಅಂಚೆ ಕಚೇರಿಯ ಗುಮಾಸ್ತ ಲಕೋಟೆಯನ್ನು ತಿರುಗಿಸಿ ನೋಡಿದ. "ಕಳಿಸೋರ ಹೆಸರೇ ಇಲ್ವಲ್ಲಮ್ಮ."

ಹದಿನೇಳರಲ್ಲಿ ಅದನ್ನು ಬರೆಯುವ ಧೈರ್ಯ ಇರಲಿಲ್ಲ. ದಾರ ಕಟ್ಟಿದ್ದ ಪೆನ್ನನ್ನು ಎಳೆದುಕೊಂಡು ಹೆಸರು ಬರೆದಳು. ಅದರ ಕೆಳಗೆ, ಮುಂಚೆ ಎಲ್ಲೂ ಬರೆಯದ ಇನ್ನೊಂದು ಸಾಲು: ಪುಟಾಣಿ ರೈಲು ಓಡಿಸುತ್ತಿದ್ದವರ ಮಗಳು. ಒಳಗಿನ ಕಾಗದಕ್ಕೂ ಹಾಗೆಯೇ ರುಜು ಹಾಕಿ ಲಕೋಟೆ ಅಂಟಿಸಿದಳು.

ಗುಮಾಸ್ತ ಮುದ್ರೆ ಒತ್ತಿ ಚೀಲಕ್ಕೆ ಎಸೆದ. "ಆಯ್ತಮ್ಮ, ಇನ್ನು ಹೊರಡಿ."

ಅವಳು ಕದಲಲಿಲ್ಲ. ಒಳಗೆ ಒಬ್ಬಾತ ಚೀಲದ ಬಾಯಿಗೆ ಹುರಿ ಬಿಗಿದು, ಬೆನ್ನಿಗೆ ಹೊತ್ತು ಹೊರಟ. ಪೆನ್ನು ಇನ್ನೂ ಅವಳ ಮುಷ್ಟಿಯಲ್ಲೇ ಇತ್ತು. ದಾರ ಬಿಗಿಯಾಗಿ ಎಳೆದುಕೊಂಡಿತ್ತು.