ತಮ್ಮನ ಎದೆಯ ಪಟ

"ಮಿಷನ್ನು ಕ್ಷಯ ಅಂದ್ಮೇಲೆ ಕ್ಷಯ. ಬಾಯ್ ಮುಚ್ಕೊಂಡು ಹಿಂದಿನ ಕಟ್ಟಡಕ್ಕೆ ಹೋಗ್ರಯ್ಯ. ಕಫ ಉಗುಳೋ ನಾಯಿಗಳು, ನನ್ ಕಿಟಕಿಗೇ ಬಂದು ಮೂತಿ ಇಡ್ತವೆ!"

ಆಸ್ಪತ್ರೆಯ ಗುಮಾಸ್ತೆ ಕಾಗದವನ್ನು ಕಿಟಕಿಯಿಂದ ಹೊರಕ್ಕೆ ತಳ್ಳಿದಳು. ನೆಲಕ್ಕೆ ಬಿದ್ದದ್ದನ್ನು ಶುನ್ ಬಾಗಿ ಎತ್ತಿಕೊಂಡ. ಅವನಿಗೆ ಓದು ಅಷ್ಟಕ್ಕಷ್ಟೆ. ಆದರೆ 'ಧೂಳು' ಎಂಬ ಚೀನೀ ಅಕ್ಷರ ಗೊತ್ತು. ಹುನಾನಿನ ಅವರ ಗುಡ್ಡದೂರಿನಲ್ಲಿ ಧೂಳಿನ ಕಾಯಿಲೆಯಿಂದ ಗಂಡಸು ಸತ್ತ ಪ್ರತಿ ಮನೆಗೂ ಆ ಅಕ್ಷರ ಗೊತ್ತು. ಕಾಗದದಲ್ಲಿ ಅದು ಇರಲಿಲ್ಲ.

ಅಣ್ಣ ಗುವಾಂಗ್ ಬೆಂಚಿನ ಮೇಲೆ ಮೊಣಕಾಲೂರಿ, ಗೋಡೆಗೆ ಹಣೆ ಕೊಟ್ಟುಕೊಂಡಿದ್ದ. ಮಲಗಿದರೆ ಉಸಿರು ಕಟ್ಟುತ್ತದೆ. ಎರಡು ಚಳಿಗಾಲದಿಂದ ಅವನ ನಿದ್ದೆಯೂ ಹಾಗೆಯೇ.

"ಏನಂತ್ಲಾ?"

"ಕ್ಷಯ ಅಂತೆ."

ಗುವಾಂಗ್ ನಗಲು ಹೋದ, ಅದು ಕೆಮ್ಮಾಯಿತು. "ಬೋಳಿಮಕ್ಳು... ನನ್ನೆದೆ ತಟ್ಟಿ ನೋಡ್ಲಿ. ಕಲ್ ಸದ್ದು ಬತ್ತದೆ."

ದಕ್ಷಿಣದ ಕಡಲ ಪಟ್ಟಣದಲ್ಲಿ ಎತ್ತರದ ಕಟ್ಟಡಗಳ ಅಡಿಪಾಯಕ್ಕೆಂದು ಹದಿನೇಳು ವರ್ಷ ಬಂಡೆ ಕೊರೆದ ಎದೆ ಅದು. ಸಂಜೆ ಹಂದಿಯ ರಕ್ತದ ಸಾರು ಕುಡಿದರೆ ಧೂಳು ತೊಳೆದು ಹೋಗುತ್ತದೆಂದು ಎಲ್ಲರೂ ಕುಡಿದರು. ಹೋಗಲಿಲ್ಲ. ಈಗ ಆಸ್ಪತ್ರೆಯಲ್ಲಿ ನೀರು ಬಿಟ್ಟು ಶ್ವಾಸಕೋಶ ತೊಳೆಯುತ್ತಾರೆ, ಆದರೆ ಕಾಗದದಲ್ಲಿ 'ಧೂಳು' ಎಂದು ಬರೆಸಿಕೊಂಡವರಿಗೆ ಮಾತ್ರ. ಈ ಚಳಿಗಾಲದೊಳಗೆ ತೊಳೆಯದಿದ್ದರೆ ಆಮೇಲೆ ತೊಳೆದೂ ಫಲವಿಲ್ಲ ಎಂದು ಡಾಕ್ಟರು ಹೇಳಿದ್ದರು.

ಎದೆಯ ಎಕ್ಸ್‌ರೇ ಪಟ ಓದುವ ಮಿಷನ್ನು ಬಂದಾಗ ಊರಿಗೆ ಊರೇ ಹಿಗ್ಗಿತ್ತು. "ಡಾಕ್ಟ್ರು ಯಜಮಾನನ ಹೆಂಡ ಕುಡೀತಾನೆ. ಮಿಷನ್ನಿಗೆ ಬಾಯೆಲ್ಲೈತೆ?" ಎಂದಿದ್ದವನೂ ಗುವಾಂಗನೇ.

ಶುನ್ ಡಾಕ್ಟರ್ ಪೆಂಗ್‌ನ ಕೋಣೆಗೆ ನುಗ್ಗಿದ. ಆತ ನರೆತ ಮನುಷ್ಯ. ಬೈಯಲಿಲ್ಲ, ಕುರ್ಚಿ ತೋರಿಸಿದ.

"ನನ್ನ ಕಣ್ಣಿಗೂ ಧೂಳೇ ಕಾಣುತ್ತಪ್ಪ. ಆದ್ರೆ ಮಿಷನ್ನು ಹಳೇ ಪಟಾನೂ ನೋಡುತ್ತೆ. ನಿಮ್ಮಣ್ಣ ಕೆಲಸ ಬಿಟ್ಟಾಗ ಎದೆ ಗಾಜಿನ ಹಾಗಿತ್ತು. ಅದರ ಹಿಂದಿನ ಎರಡು ವರ್ಷವೂ ಹಾಗೇ. ಮನೆಗೆ ಬಂದ್ಮೇಲೆ ಇಷ್ಟು ಕೆಟ್ಟಿದೆ ಅಂದ್ರೆ ಅದು ಕೆಲಸದ ಧೂಳಲ್ಲ ಅಂತ ಅದರ ಲೆಕ್ಕ."

ಶುನ್ ಕೈಯಲ್ಲಿದ್ದ ಕಾಗದವನ್ನು ಮೇಜಿನ ಮೇಲಿಟ್ಟ.

ಅಣ್ಣನ ಹೆಸರಿನ ಆ ಮೂರೂ ಪಟ ಶುನ್‌ನ ಎದೆಯವು. ಎದೆಯಲ್ಲಿ ಚುಕ್ಕೆ ಕಂಡರೆ ಗುತ್ತಿಗೆದಾರ ಅಂದೇ ಗಂಟುಮೂಟೆ ಕಟ್ಟಿಸುತ್ತಿದ್ದ. ಅದಕ್ಕೇ ಕೆಮ್ಮು ಹತ್ತಿದವರು ತಪಾಸಣೆಗೆ ತಮ್ಮನನ್ನೋ ಭಾವಮೈದುನನನ್ನೋ ಕಳಿಸುತ್ತಿದ್ದರು. ಚೀಟಿ ಒಬ್ಬನದು, ಎದೆ ಇನ್ನೊಬ್ಬನದು. ಆಗ ಶುನ್ ಕೂಲಿಗಳ ಬಿಡಾರದಲ್ಲಿ ಅನ್ನ ಬೇಯಿಸುತ್ತಿದ್ದ, ಎದೆ ಹಸನಾಗಿತ್ತು. ಅಣ್ಣ ಕಾಯಿಲೆ ಬಿದ್ದ ಮೇಲೆ ಅವನ ಕೊರೆಯುವ ಯಂತ್ರವನ್ನು ತಾನು ಹಿಡಿದಿದ್ದ.

"ಆ ಎದೆ ನಂದು, ಡಾಕ್ಟ್ರೇ."

ಪೆಂಗ್ ಎದ್ದು ಬಾಗಿಲು ಮುಂದೆ ಮಾಡಿದ. "ಇದನ್ನ ಹೊರಗೆ ಆಡಬೇಡ. ಮೋಸ ಅಂತ ನಿಮ್ಮಿಬ್ಬರ ಮೇಲೂ ಕೇಸು ಹಾಕ್ತಾರೆ."

"ಹಾಕ್ಲಿ. ನನ್ ಪಟ ತೆಗೀರಿ. ಎಮ್ಮೆ ಮೇಲಿಂದ ಬಿದ್ದು ಈ ಕತ್ತಿನ ಬುಡದ ಮೂಳೆ ಮುರ್ಕೊಂಡಿದ್ದೆ. ಕೂಡ್ಕೊಂಡು ಗಂಟಾಗೈತೆ. ಅಣ್ಣಂದು ಮುರ್ದಿಲ್ಲ. ಆ ಮೂರ್ರಾಗೂ ನನ್ ಗಂಟು ಐತಾ ಇಲ್ವಾ ನೋಡ್ರಿ."

ಪೆಂಗ್ ಪರದೆಗೆ ಮುಖ ಹತ್ತಿರ ಒಯ್ದ. ಮೂರರಲ್ಲೂ ಗಂಟಿತ್ತು. ಗುವಾಂಗನ ಇಂದಿನ ಪಟದಲ್ಲಿ ಇರಲಿಲ್ಲ. ಕಣ್ಣಿದ್ದ ಯಾರಿಗಾದರೂ ಕಾಣುವಂಥದು. ಮಿಷನ್ನಿಗೆ ಮೂಳೆ ನೋಡು ಎಂದು ಯಾರೂ ಹೇಳಿರಲಿಲ್ಲ.

ಶುನ್ ಅಂಗಿ ಬಿಚ್ಚಿ ಪಕ್ಕದ ಕೋಣೆಯ ತಣ್ಣನೆಯ ಹಲಗೆಗೆ ಎದೆ ಒತ್ತಿ ನಿಂತ. "ಉಸಿರು ಬಿಗಿಹಿಡಿಯಿರಿ" ಎಂದಿತು ಹೆಣ್ಣುದನಿಯ ಯಂತ್ರ. ತುಸು ಹೊತ್ತಿಗೆ ಕಾಗದ ಹೊರಬಂತು. ಪೆಂಗ್ ಅದನ್ನು ಮಗುಚಿಡಲು ಹೋದ. ಅಷ್ಟರಲ್ಲಿ ಶುನ್ 'ಧೂಳು' ಎಂಬ ಆ ಅಕ್ಷರ ನೋಡಿಬಿಟ್ಟಿದ್ದ.

"ಮೊದಲನೇ ಹಂತ," ಎಂದ ಪೆಂಗ್. "ನಿನಗೆ ಇವತ್ತೇ ಎದೆ ತೊಳೆಸೋ ಚೀಟಿ ಕೊಡಬಹುದು."

"ಅಣ್ಣಂದು?"

ಪೆಂಗ್ ಲೇಖನಿ ಎತ್ತಿ ಮತ್ತೆ ಕೆಳಗಿಟ್ಟ.

"ಗಂಟು ಕಾಣ್ತಾ ಇಲ್ವಾ ನಿಮಗೆ?"

"ಕಾಣುತ್ತೆ. ಹೋದ ವರ್ಷ ಎರಡು ಸಲ ಮಿಷನ್ ಮಾತು ಮೀರಿ ಬರೆದೆ. ಮೂರನೇ ಸಲ ಬರೆದ್ರೆ ಈ ಕುರ್ಚಿಗೆ ಬೇರೆಯವನು ಬರ್ತಾನೆ. ಅವನು ಪಟಾನೂ ನೋಡಲ್ಲ, ಕಾಗದ ನೋಡ್ತಾನೆ."

ಶುನ್ ಮತ್ತೆ ಹೋಗಿ ಹಲಗೆಯ ಮುಂದಿನ ಮಣೆ ಹತ್ತಿ ನಿಂತ. ಎರಡೂ ತೋಳಿನಿಂದ ಅದನ್ನು ತಬ್ಬಿ ಹಿಡಿದ.

"ಇಳಿಯೋ! ಹಿಂದೆ ಜನ ಕಾಯ್ತಾವ್ರೆ," ಎಂದ ಪಟ ತೆಗೆಯುವವನು.

"ಗಂಟು ಕಂಡದ್ದ ಬರೆಯೋಗಂಟ ಇಳಿಯಾಕಿಲ್ಲ."

ಗುಮಾಸ್ತೆ ಓಡಿ ಬಂದಳು. ಅವಳ ಬಾಯಲ್ಲಿ ಅವನ ಅವ್ವ, ಅಜ್ಜಿ, ಎಂಟು ತಲೆಮಾರು ಎಲ್ಲ ಬಂದುಹೋದವು. ಸಾಲಿನಲ್ಲಿದ್ದ ಗುಡ್ಡದ ಗಂಡಸರು ಯಾರೂ ಮುಂದೆ ಬರಲಿಲ್ಲ, 'ಇಳಿ' ಎನ್ನಲೂ ಇಲ್ಲ. ಒಬ್ಬ ಬಾಗಿಲಿಗೆ ಅಡ್ಡವಾಗಿ ಕೂತ. ಅವನ ಪಕ್ಕ ಇನ್ನೊಬ್ಬ ಕೂತ.

ಬೆಂಚಿನಿಂದ, ಎಲ್ಲ ಕೇಳಿಸಿಕೊಂಡಿದ್ದ ಗುವಾಂಗನ ದನಿ ತುಂಡು ತುಂಡಾಗಿ ಬಂತು. "ಲೇ ಶುನ್... ನಿನ್ ಚೀಟಿನಾರ... ಇಸ್ಕಳ್ಳಾ. ನಿಂದು ಇನ್ನೂ... ತೊಳೆದ್ರೆ... ಹೋಗ್ತದೆ."

ಶುನ್ ತಿರುಗಲಿಲ್ಲ. ಪೆಂಗ್ ಲೇಖನಿ ಹಿಡಿದು ಕೂತೇ ಇದ್ದ. ಮುಂದೆ ಯಾರೋ ನಿಂತಿದ್ದಾರೆಂದು ಅರಿತ ಯಂತ್ರ, "ಉಸಿರು ಬಿಗಿಹಿಡಿಯಿರಿ" ಎಂದಿತು.

ಶುನ್ ಉಸಿರು ಹಿಡಿದ. ಎದೆಯ ಒಳಗೆಲ್ಲೋ ಸಣ್ಣಗೆ ಕೆಮ್ಮು ಕೆರೆಯತೊಡಗಿತು. ಆದರೂ ಹಿಡಿದೇ ಇದ್ದ.