ಹಳ್ಳದ ಆಚೆ ದಡ

ಆಸ್ಪತ್ರೆಯಲ್ಲಿ ಅವನನ್ನು ಹೆಸರು ಹಿಡಿದು ಕರೆಯುವವರೇ ಇರಲಿಲ್ಲ. ಎಲ್ಲರ ಬಾಯಲ್ಲೂ ಅವನು ಫೋಟೋ. ವಾರವೆಲ್ಲ ಕತ್ತಲೆ ಕೋಣೆಯಲ್ಲಿ ನಿಂತು ಜನರ ಮೂಳೆಗಳ ಎಕ್ಸ್‌ರೇ ತೆಗೆಯುತ್ತಿದ್ದವನು ರಜೆ ಸಿಕ್ಕಿತೆಂದರೆ ಕ್ಯಾಮೆರಾ ಹೆಗಲಿಗೇರಿಸಿ ಬೆಟ್ಟದ ದಾರಿ ಹಿಡಿದುಬಿಡುತ್ತಿದ್ದ. "ಮೂಳೆ ಫೋಟೋ ತೆಗೆಯುವಾಗ ಅಲ್ಲಾಡಬೇಡಿ, ಅಲ್ಲಾಡಬೇಡಿ ಅಂತ ಗಂಟಲು ಹರ್ಕೋಬೇಕು. ಬೆಟ್ಟಕ್ಕೆ ಆ ಕಾಟ ಇಲ್ಲ ನೋಡಿ ಅಕ್ಕಾ" ಎನ್ನುತ್ತಿದ್ದ.

ಅಕ್ಕ ಎಂದರೆ ಗಂಡಸರ ವಾರ್ಡಿನ ಸಿಸ್ಟರು. ಅವಳಿಗೆ ಬೆಟ್ಟದ ಹುಚ್ಚು ಹಚ್ಚಿದವನೂ ಅವನೇ. ಗಂಡ ತೀರಿಕೊಂಡ ಮೇಲೆ ಅವಳು ವಾರ್ಡು, ಮನೆ, ಮತ್ತೆ ವಾರ್ಡು ಎಂದು ಗಾಣದೆತ್ತಿನ ಹಾಗೆ ಸುತ್ತುತ್ತಿದ್ದಳು. ಒಂದು ಭಾನುವಾರ ಬೆಳಿಗ್ಗೆ ಫೋಟೋ ಬಾಗಿಲು ಬಡಿದು, "ಶೂ ಹಾಕ್ಕೊಳ್ಳಿ, ಮಿಕ್ಕಿದ್ದು ಆಮೇಲೆ ಹೇಳ್ತೀನಿ" ಎಂದಿದ್ದ. ಬೈಯುತ್ತಲೇ ಹೋದಳು. ಸಂಜೆ ಕಾಲು ನೋಯಿಸಿಕೊಂಡು, ಕೆನ್ನೆ ಕೆಂಪಗೆ ಮಾಡಿಕೊಂಡು ಮನೆಗೆ ಬಂದವಳಿಗೆ ಎಷ್ಟೋ ತಿಂಗಳ ಮೇಲೆ ಹಾಸಿಗೆಗೆ ಬಿದ್ದ ಕೂಡಲೇ ನಿದ್ದೆ ಬಂದಿತ್ತು. ಆಮೇಲೆ ಅವನು ಬಾಗಿಲು ಬಡಿಯುವುದನ್ನೇ ಕಾಯುವಂತಾಯಿತು.

ಗುಂಪಿನಲ್ಲಿ ಇನ್ನಿಬ್ಬರಿದ್ದರು. ಒಬ್ಬ ಆಸ್ಪತ್ರೆಯ ಔಷಧಿ ಕೌಂಟರಿನವನು, ಗುಳಿಗೆ ಎಂದೇ ಅವನ ಅಡ್ಡಹೆಸರು. ಮಾತೆಲ್ಲ ಕಹಿ, ಆದರೆ ಕಾರು ಅವನದೇ ಆದ್ದರಿಂದ ಎಲ್ಲರೂ ನುಂಗಿಕೊಳ್ಳುತ್ತಿದ್ದರು. ಇನ್ನೊಬ್ಬಳು ರಕ್ತಪರೀಕ್ಷೆಯ ಲ್ಯಾಬಿನ ಹುಡುಗಿ. ಬೆಟ್ಟದಲ್ಲಿ ಎಲ್ಲರಿಗಿಂತ ಮುಂದೆ ಅವಳೇ.

ಆ ಶನಿವಾರ ಹೊರಡುವಾಗಲೇ ಫೋಟೋನ ಎದೆಯಲ್ಲಿ ಸಣ್ಣಗೆ ಸಿಳ್ಳೆಯ ಸದ್ದು ಕೇಳುತ್ತಿತ್ತು. ಚಿಕ್ಕಂದಿನಿಂದ ಇದ್ದ ಉಬ್ಬಸ ಅದು. ಸಿಸ್ಟರಿನ ಕಿವಿಗೆ ಬೀಳದೆ ಇರುತ್ತದೆಯೇ?

"ಪಂಪ್ ತಗೊಂಡಿದ್ದೀಯಾ?"

"ಬ್ಯಾಗಲ್ಲಿದೆ ಮಹಾತಾಯಿ."

"ಎರಡು ಸಲ ಎಳ್ಕೋ. ನನ್ನ ಕಣ್ಣೆದುರಿಗೇ."

ಎಳೆದುಕೊಂಡ. ಸಿಳ್ಳೆ ನಿಂತಿತು. ಬಾಗಿಲಲ್ಲಿ ನಿಂತಿದ್ದ ಅವನ ತಾಯಿ, "ನೀನು ಜೊತೇಲಿದ್ದೀಯ ಅಂದ್ರೆ ನನಗೆ ಯೋಚನೆ ಇಲ್ಲ ಕಣಮ್ಮ" ಎಂದು ಕೈ ಬೀಸಿದರು. ಕಾರು ತಿರುವುಗಳನ್ನು ಏರುತ್ತ, ಮಂಜಿನೊಳಗೆ ಹೊಕ್ಕು ಹೊರಬಂದು, ರಸ್ತೆ ಮುಗಿಯುವಲ್ಲಿದ್ದ ಚಹಾದ ಗೂಡಂಗಡಿಯ ಪಕ್ಕ ನಿಂತಿತು. ಅಲ್ಲಿಂದ ಮುಂದೆ ಕಾಲುದಾರಿ. ಮೊದಲು ಬಿದಿರು ಮೆಳೆ, ಆಮೇಲೆ ಎದೆಮಟ್ಟದ ಜರೀಗಿಡ, ಅದು ಮುಗಿದರೆ ಬರೀ ಹುಲ್ಲು. ಗುಳಿಗೆ ಹೆಜ್ಜೆಗೊಮ್ಮೆ ನಿಂತು ಕಾಲಿಗಂಟಿದ ಜಿಗಣೆ ಕಿತ್ತು, "ನನ್ನ ರಕ್ತ ಇಷ್ಟು ರುಚಿ ಅಂತ ಗೊತ್ತಿದ್ರೆ ಲ್ಯಾಬಿನವರಿಗೆ ಪುಕ್ಕಟೆ ಕೊಡ್ತಾನೇ ಇರ್ಲಿಲ್ಲ" ಎಂದು ಗೊಣಗುತ್ತಿದ್ದ.

ಮಧ್ಯಾಹ್ನದ ಹೊತ್ತಿಗೆ ಹಳ್ಳ ಸಿಕ್ಕಿತು. ಬಂಡೆಗಳ ನಡುವೆ ಪಾದ ಮುಳುಗುವಷ್ಟು ನೀರು, ಕನ್ನಡಿಯಂತೆ ತಿಳಿ. ಅಗಲ ಮಾತ್ರ ಊರಿನ ದೊಡ್ಡ ರಸ್ತೆಯಷ್ಟಿತ್ತು. ಆಚೆ ದಡದಿಂದ ಕಣಿವೆ ಚೆನ್ನಾಗಿ ಕಾಣುತ್ತದೆಂದು ಫೋಟೋ ಬ್ಯಾಗನ್ನು ಗುಳಿಗೆಯ ಕೈಗೆ ತುರುಕಿ, ಕ್ಯಾಮೆರಾ ಒಂದನ್ನೇ ಹಿಡಿದು, ಕಲ್ಲಿಂದ ಕಲ್ಲಿಗೆ ಹಾರುತ್ತ ಹೋದ. ಮಿಕ್ಕವರು ಈಚೆ ಕುಳಿತು ಬ್ರೆಡ್ಡಿನ ಪೊಟ್ಟಣ ಬಿಚ್ಚಿದರು.

ಅವರಿದ್ದಲ್ಲಿ ಒಂದು ಹನಿಯೂ ಬಿದ್ದಿರಲಿಲ್ಲ. ಮೇಲೆ, ಕಣ್ಣಿಗೆ ಕಾಣದ ಶಿಖರದಲ್ಲಿ ಎಲ್ಲೋ ಮಳೆ ಸುರಿದಿರಬೇಕು. ಮೊದಲು ನೀರಿನ ಬಣ್ಣ ಕೆಟ್ಟಿತು. ಹಿಂದೆಯೇ ತರಗೆಲೆ, ಪುಳ್ಳೆ ತೇಲಿಬಂದವು. ಸಿಸ್ಟರು "ಏಯ್, ಬಾರೋ ಈಚೆ!" ಎಂದು ಕೂಗುವಷ್ಟರಲ್ಲಿ ಲಾರಿಯಿಂದ ಜಲ್ಲಿ ಸುರಿದಂಥ ಸದ್ದು ಕೇಳಿ, ಕೆಂಪು ನೀರು ನುಗ್ಗಿಬಂದು ಹಳ್ಳ ತುಂಬಿಹೋಯಿತು. ಅವನು ದಾಟಿದ್ದ ಕಲ್ಲುಗಳು ಒಂದೂ ಕಾಣದಂತಾದವು.

ಫೋಟೋ ಆಚೆ ದಡದಲ್ಲಿ ನಿಂತು ನಕ್ಕ. ತಲೆಯ ಮೇಲೆ ಕೈಯಿಟ್ಟುಕೊಂಡು ಕೆಟ್ಟೆನಪ್ಪಾ ಎಂಬಂತೆ ಅಭಿನಯ ಮಾಡಿದ. ಇವರೂ ನಕ್ಕರು. ಬೆಟ್ಟದ ನೀರು ಏರಿದಷ್ಟೇ ಬೇಗ ಇಳಿಯುತ್ತದೆ, ಕಾದರಾಯಿತು ಎಂದುಕೊಂಡರು.

ಅಷ್ಟರಲ್ಲಿ ಮಳೆ ಅವರಿದ್ದಲ್ಲಿಗೂ ಬಂತು. ಜೊತೆಗೆ ಮೂಳೆ ಕೊರೆಯುವಂಥ ಗಾಳಿ. ಫೋಟೋಗೆ ನಿಲ್ಲಲು ಒಂದು ಮರವೂ ಇರಲಿಲ್ಲ. ತೊಯ್ದು ತೊಪ್ಪೆಯಾಗಿ ಬಂಡೆಯ ಮೇಲೆ ಕುಳಿತ. ಸಿಸ್ಟರು ಅವನ ಮೇಲಿಂದ ಕಣ್ಣು ತೆಗೆಯಲಿಲ್ಲ. ಅವನು ಎರಡೂ ಕೈಗಳನ್ನು ಮೊಣಕಾಲಿಗೆ ಊರಿ ಮುಂದಕ್ಕೆ ಬಾಗಿದಾಗ ಅವಳ ಕೈಲಿದ್ದ ಬ್ರೆಡ್ಡು ಕೆಳಗೆ ಬಿತ್ತು.

"ಏನಾಯ್ತು?" ಎಂದ ಗುಳಿಗೆ.

"ಉಸಿರು ಹಿಡೀತಿದೆ ಅವನಿಗೆ. ಭುಜ ನೋಡು, ಹೇಗೆ ಏರ್ತಿದೆ. ಬ್ಯಾಗೆಲ್ಲಿ?"

ಬ್ಯಾಗು ಗುಳಿಗೆಯ ತೊಡೆಯ ಮೇಲೇ ಇತ್ತು. ಇನ್‌ಹೇಲರು ಹೊರಗಿನ ಜೇಬಿನಲ್ಲೇ ಸಿಕ್ಕಿತು. ಮೂವರೂ ಅದನ್ನು ನೋಡಿದರು, ನೀರನ್ನು ನೋಡಿದರು.

ಲ್ಯಾಬಿನ ಹುಡುಗಿ ಮೊಬೈಲನ್ನು ಎತ್ತಿ ಹಿಡಿದು ಸುತ್ತಾಡಿದಳು. ಸಿಗ್ನಲ್ಲಿನ ಸುಳಿವಿಲ್ಲ. "ನಾನು ಅಂಗಡಿ ಹತ್ರ ಓಡ್ತೀನಿ ಅಕ್ಕಾ, ಯಾರನ್ನಾದ್ರೂ ಕರ್ಕೊಂಡು ಬರ್ತೀನಿ" ಎಂದವಳೇ ಜಾರುವ ದಾರಿಯಲ್ಲಿ ಬಿದ್ದು ಎದ್ದು ಇಳಿದುಹೋದಳು. ಗುಳಿಗೆ ಪ್ಯಾಂಟು ಮಡಚಿ ನೀರಿಗಿಳಿದ. ಮೂರನೆಯ ಹೆಜ್ಜೆಗೆ ಕಾಲು ಕಿತ್ತುಕೊಂಡು ಹೋಯಿತು. ಸಿಸ್ಟರು ಅವನ ಬೆಲ್ಟು ಹಿಡಿದು ಬಂಡೆಗೆ ಒದೆಕೊಟ್ಟು ಎಳೆಯದಿದ್ದರೆ ಅವನೂ ಕೊಚ್ಚಿಹೋಗುತ್ತಿದ್ದ. ದಡದಲ್ಲಿ ಅಂಗಾತ ಬಿದ್ದು ಕೆಮ್ಮುತ್ತ, "ಎಸೆದುಬಿಡೋಣ" ಎಂದ.

"ನೀರಿಗೆ ಬಿದ್ರೆ?"

"ಇಲ್ಲಿಟ್ಕೊಂಡು ಏನು, ಉಪ್ಪಿನಕಾಯಿ ಹಾಕ್ತೀಯಾ?"

ವಾರ್ಡಿನಲ್ಲಾಗಿದ್ದರೆ ಕೈಗಳು ಅವಳನ್ನು ಕೇಳುತ್ತಿರಲಿಲ್ಲ. ತಾವಾಗಿಯೇ ಆಕ್ಸಿಜನ್ ತಿರುಗಿಸಿ, ಮುಖಕ್ಕೆ ಮಾಸ್ಕ್ ಇಟ್ಟು, ರಕ್ತನಾಳ ಹುಡುಕುತ್ತಿದ್ದವು. ಈಗ ಅವು ಎರಡು ಒದ್ದೆ ಬಟ್ಟೆಗಳ ಹಾಗೆ ಜೋತುಬಿದ್ದಿದ್ದವು. ಅವಳು ಕಾಲುಚೀಲ ಬಿಚ್ಚಿ, ಅದರೊಳಗೆ ಇನ್‌ಹೇಲರನ್ನೂ ಭಾರಕ್ಕೊಂದು ಕಲ್ಲನ್ನೂ ಹಾಕಿ ಗಂಟು ಬಿಗಿದು ಕೊಟ್ಟಳು.

ಗುಳಿಗೆ ಹಿಂದೆ ಸರಿದು, ಓಡಿಬಂದು, ಮೈಯಲ್ಲಿದ್ದ ಬಲವನ್ನೆಲ್ಲ ಹಾಕಿ ಎಸೆದ. ಬಿಳಿ ಕಾಲುಚೀಲ ನೀರನ್ನು ದಾಟಿತು. ಫೋಟೋನನ್ನೂ ದಾಟಿ ಅವನ ಬೆನ್ನ ಹಿಂದಿನ ಒಂಟಿ ಮುಳ್ಳುಗಿಡದ ನೆತ್ತಿಗೆ ಸಿಕ್ಕಿ ನೇತಾಡಿತು. ಅವನು ತಲೆ ತಗ್ಗಿಸಿ ಉಸಿರಿಗಾಗಿ ಗುದ್ದಾಡುತ್ತಿದ್ದ, ನೋಡಲಿಲ್ಲ.

"ಹಿಂದೆ! ನಿನ್ನ ಹಿಂದೆ ನೋಡೋ!"

ಇಬ್ಬರೂ ಗಂಟಲು ಹರಿಯುವಂತೆ ಕೂಗಿದರು. ಪಕ್ಕದಲ್ಲಿ ನಿಂತವರ ಮಾತೇ ಕೇಳದಂಥ ನೀರಿನ ಅಬ್ಬರ, ಆಚೆಗೆ ಏನು ಕೇಳೀತು? ಕೈಯೆತ್ತಿ ಬೀಸಿದರು, ತೋರಿಸಿದರು, ಕುಣಿದರು. ಕೊನೆಗೊಮ್ಮೆ ಅವನು ತಲೆಯೆತ್ತಿದ. ಇವರನ್ನೇ ನೋಡಿದ. ಇವರು ಇನ್ನೂ ಜೋರಾಗಿ ಕೈ ಬೀಸಿದರು. ಅವನು ನಿಧಾನಕ್ಕೆ ತನ್ನ ಕೈಯನ್ನೂ ಎತ್ತಿದ, ಒಂದು ಗಳಿಗೆ ಹಿಡಿದ, ಇಳಿಸಿದ. ಆಮೇಲೆ ಮುಖವನ್ನು ಪಕ್ಕಕ್ಕೆ ತಿರುಗಿಸಿ ಬಂಡೆಗೆ ಒತ್ತಿಕೊಂಡು ಒರಗಿದ.

"ನೋಡು ಇತ್ತ! ನಿಂಗೆ ಕೈ ಮುಗೀತೀನಿ, ನೋಡು!" ಸಿಸ್ಟರಿನ ದನಿ ಒಡೆದುಹೋಗಿತ್ತು.

ಅವನು ಮತ್ತೆ ತಿರುಗಲೇ ಇಲ್ಲ. ಕಾಲುಚೀಲ ಅವನ ತಲೆಯಿಂದ ಒಂದು ಮಾರು ದೂರದಲ್ಲಿ ಗಾಳಿಗೆ ಅಲ್ಲಾಡುತ್ತಿತ್ತು. ಏರಿಳಿಯುತ್ತಿದ್ದ ಭುಜಗಳ ಆಟ ಕಡಿಮೆಯಾಗುತ್ತ ಬಂತು. ಗುಳಿಗೆ, "ಸ್ವಲ್ಪ ಸುಧಾರಿಸ್ದ ಹಾಗೆ ಕಾಣುತ್ತೆ, ಅಲ್ವಾ?" ಎಂದ. ಅದು ಸುಧಾರಿಸುತ್ತಿರುವ ಲಕ್ಷಣವಲ್ಲ, ದಣಿದು ಸೋಲುತ್ತಿರುವ ಲಕ್ಷಣ ಎಂದು ಅವಳಿಗೆ ಗೊತ್ತಿತ್ತು. ಹೇಳಿ ಆಗುವುದೇನಿತ್ತು? ಕುಳಿತಳು, ಎದ್ದಳು, ನೀರಿನ ಅಂಚಿಗೆ ಹೋಗಿ ಒಂದು ಕಲ್ಲಿನ ನೆತ್ತಿ ಕಾಣುತ್ತದೆಯೇ ಎಂದು ನೋಡಿದಳು, ಮತ್ತೆ ಬಂದು ಕುಳಿತಳು. ಬದುಕಿನಲ್ಲಿ ಎಷ್ಟೋ ಸಾವುಗಳ ಪಕ್ಕದಲ್ಲಿ ನಿಂತವಳು ಅವಳು. ಇಷ್ಟು ದೂರದಲ್ಲಿ ಎಂದೂ ನಿಂತಿರಲಿಲ್ಲ.

ಮಳೆ ನಿಂತು, ಬೆಳಕು ಹಳದಿಗೆ ತಿರುಗಿದ ಮೇಲೆ ಕಲ್ಲುಗಳ ನೆತ್ತಿ ಒಂದೊಂದಾಗಿ ಮೇಲೆದ್ದವು. ಇಬ್ಬರೂ ಕೈಕೈ ಬೆಸೆದು ಸೊಂಟಮಟ್ಟದ ನೀರಿನಲ್ಲಿ ದಾಟಿದರು. ಅವನ ತುಟಿ ನೀಲಿಗಟ್ಟಿತ್ತು. ಸಿಸ್ಟರು ಎದೆಗೆ ಕಿವಿಯಿಟ್ಟಳು. ಸಿಳ್ಳೆಯೂ ಇರಲಿಲ್ಲ, ಒಳಗೆ ಗಾಳಿಯೇ ಆಡದಂಥ ಮೌನ. ಗುಳಿಗೆ ಗಿಡದಿಂದ ಕಾಲುಚೀಲ ಕಿತ್ತು ತಂದ. ಅವಳು ನೀರಿನ ಬಾಟಲಿಯ ತಳ ಕೊಯ್ದು, ಆ ಕಡೆಯಿಂದ ಅವನ ಬಾಯಿ ಮೂಗು ಮುಚ್ಚಿ, ಬಾಟಲಿಯ ಬಾಯಿಗೆ ಇನ್‌ಹೇಲರ್ ಇಟ್ಟು ಒತ್ತಿದಳು. ಒತ್ತುತ್ತಲೇ ಇದ್ದಳು. "ಎಳ್ಕೋ ಕಣೋ, ಎಳ್ಕೋ" ಎಂದು ಮಗುವಿಗೆ ಹೇಳುವಂತೆ ಹೇಳಿದಳು. ಎಷ್ಟು ಒಳಗೆ ಹೋಯಿತೋ ಏನೋ, ಗಂಟಲಲ್ಲಿ ಸಣ್ಣದೊಂದು ಸಿಳ್ಳೆ ಹುಟ್ಟಿತು. ಅದನ್ನು ಕೇಳಿ ಗುಳಿಗೆ ಅತ್ತುಬಿಟ್ಟ.

ಲ್ಯಾಬಿನ ಹುಡುಗಿ ಚಹಾದಂಗಡಿಯವನನ್ನೂ ಒಬ್ಬ ಲಾರಿ ಡ್ರೈವರನ್ನೂ ಟಾರ್ಪಾಲಿನ ಸಮೇತ ಕರೆತಂದಳು. ಅದರಲ್ಲೇ ಹೊತ್ತು ಇಳಿಸಿದರು. ಬೆಟ್ಟದ ಬುಡದ ಸಣ್ಣ ಆಸ್ಪತ್ರೆಯಲ್ಲಿ ಆಕ್ಸಿಜನ್ ಹಚ್ಚಿ, ಆಂಬುಲೆನ್ಸಿನಲ್ಲಿ ಅವರದೇ ಆಸ್ಪತ್ರೆಗೆ ಕಳಿಸಿಕೊಟ್ಟರು. ತುರ್ತು ಘಟಕದವರು ಅವನ ಗಂಟಲಿಗೆ ಕೊಳವೆ ಇಳಿಸಿ ಬಾಗಿಲು ಹಾಕಿಕೊಂಡರು.

ಒಳಗೆ ಅವಳ ಡ್ಯೂಟಿ ಇರಲಿಲ್ಲ. ಹೊರಗಿನ ಬೆಂಚಿನ ಮೇಲೆ, ಸಂಬಂಧಿಕರು ಕೂರುವಲ್ಲಿ, ಅವನ ತಾಯಿಯ ಪಕ್ಕ ಕುಳಿತಳು. ಆ ತಾಯಿ ಬೈಯಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ, "ನೀನಿದ್ದೆಯಲ್ಲಮ್ಮ ಅಲ್ಲಿ" ಎಂದರು. ಸೆರಗನ್ನು ಇನ್ನೊಮ್ಮೆ ಸುತ್ತಿ ಮತ್ತೆ, "ನೀನಿದ್ದೆಯಲ್ಲ" ಎಂದರು. ಸಿಸ್ಟರು "ಹೂಂ" ಎಂದಳು.

ಆ ವಾರದ ಕೊನೆಗೆ ಕೊಳವೆ ತೆಗೆದರು. ಅವನನ್ನು ಅವಳ ವಾರ್ಡಿಗೇ ತಂದು, ಕಿಟಕಿ ಪಕ್ಕದ ಹಾಸಿಗೆಯಲ್ಲಿ ಮಲಗಿಸಿದರು. ಬೆಳಿಗ್ಗೆ ಅವಳು ಬಿ.ಪಿ. ನೋಡಲು ತೋಳಿಗೆ ಪಟ್ಟಿ ಸುತ್ತುತ್ತಿದ್ದಾಗ, ಫೋಟೋ ಒಡಕು ದನಿಯಲ್ಲಿ, "ಥ್ಯಾಂಕ್ಸ್ ಅಕ್ಕಾ, ವಾಪಸ್ ಬಂದ್ರಲ್ಲ" ಎಂದ.

"ವಾಪಸ್ ಅಂದ್ರೆ?"

"ಮೊದ್ಲು ಅವಳು ಓಡಿದ್ಳು. ಆಮೇಲೆ ನೀವಿಬ್ರೂ ಕೈ ಬೀಸಿ ಬೈ ಹೇಳಿದ್ರಲ್ಲ. ನಾನೂ ಬೀಸ್ದೆ."

ಅವಳ ಕೈ ಪಟ್ಟಿಯ ಮೇಲೇ ನಿಂತುಬಿಟ್ಟಿತು. "ಬೈ ಅಲ್ಲ ಕಣೋ! ಪಂಪ್ ಎಸೆದಿದ್ವಿ. ನಿನ್ನ ಹಿಂದೇನೇ ಗಿಡದಲ್ಲಿ ಸಿಕ್ಕಿಹಾಕ್ಕೊಂಡಿತ್ತು. ಹಿಂದೆ ನೋಡು ಅಂತ ತೋರಿಸ್ತಿದ್ವಿ. ನಾವು ಎಲ್ಲಿಗೂ ಹೋಗ್ಲಿಲ್ಲ. ಅಲ್ಲೇ ಇದ್ವಿ, ಪೂರ್ತಿ ಹೊತ್ತು ಅಲ್ಲೇ."

ಫೋಟೋ ಅವಳನ್ನು ನೋಡಿದ. ರೋಗಿಗಳು ನೋವಿಲ್ಲವೆಂದು ಹೇಳುವಾಗ ನಗುತ್ತಾರಲ್ಲ, ಹಾಗೆ ಮೆತ್ತಗೆ ನಕ್ಕ.

"ಹೌದಾ" ಎಂದ.

"ನಿಜ ಕಣೋ. ಗುಳಿಗೇನ ಕೇಳು ಬೇಕಾದ್ರೆ."

"ಅಯ್ಯೋ, ಕೇಳೋದೇನಿದೆ ಬಿಡಿ ಅಕ್ಕಾ. ನಾನೇನೂ ತಪ್ಪು ತಿಳ್ಕೊಂಡಿಲ್ಲ. ನಿಮ್ಮ ಜಾಗದಲ್ಲಿ ಯಾರಿದ್ರೂ ಅಷ್ಟೇ. ಆ ಮಳೇಲಿ ನಿಂತು ಏನ್ ಮಾಡೋಕಾಗ್ತಿತ್ತು?"

ಹೇಳಬೇಕಾದದ್ದನ್ನು ಆಗಲೇ ಹೇಳಿಯಾಗಿತ್ತು. ಇನ್ನೊಮ್ಮೆ ಹೇಳಿದರೆ ತಪ್ಪಿತಸ್ಥಳ ಸಮಜಾಯಿಷಿಯಂತೆಯೇ ಕೇಳುತ್ತಿತ್ತು. ಫೋಟೋ ಅವಳ ಕೈಯನ್ನು ತಟ್ಟಿ, ಸಮಾಧಾನ ಮಾಡುವವನಂತೆ ಹಿಡಿದುಕೊಂಡ. ಕ್ಷಮಿಸಿದವರ ಹಿಡಿತ ಅದು, ಬಿಡಿಸಿಕೊಳ್ಳಲು ಅವಳಿಂದಾಗಲಿಲ್ಲ. ಪಕ್ಕದ ಹಾಸಿಗೆಯ ಮುದುಕ ನೀರು ಬೇಕೆಂದು ಎರಡು ಸಲ ಕರೆದ ಮೇಲೆ ಅವಳು ಎದ್ದು ಹೋದಳು.