ಬೆಳಗಿಕೊಟ್ಟ ಬಾಟಲಿಗಳು

“ಏಯ್, ನೀನೇ ಇಳಿಯಮ್ಮ ಹಳ್ಳಕ್ಕೆ. ನಾನು ಶೂ ಹಾಕ್ಕೊಂಡಿರೋದು ಕಾಣಲ್ವಾ? ದಿನಾ ಅದ್ರಲ್ಲೇ ಬಿದ್ದಿರೋರು ತಾನೇ ನೀವು!”

ನೀರಿನ ಪರೀಕ್ಷೆಗೆ ಬಂದಿದ್ದ ಲ್ಯಾಬಿನ ಆಫೀಸರ್ ಹೀಗೆಂದಾಗ ನನ್ನ ಹೆಂಡತಿ ಆದಿಲಕ್ಷ್ಮಿ ಸೀರೆ ಎತ್ತಿ ಕಟ್ಟಿದಳು. ನಾನು ದಡದಲ್ಲಿ, ನಡುಗುವ ಕೈಗಳನ್ನು ಕಂಕುಳಲ್ಲಿ ಸಿಗಿಸಿಕೊಂಡು ಕೂತಿದ್ದೆ.

ಕೆ.ಆರ್. ಪುರದ ಆಚೆ ಈ ಹಳ್ಳದ ನೀರಿನಲ್ಲೇ ನಮ್ಮ ಕೇರಿಯವರು ಸೊಪ್ಪು ಬೆಳೆಯುವುದು. ಆದಿಲಕ್ಷ್ಮಿ ಅದನ್ನು ಹೊತ್ತು ಇಂದಿರಾನಗರದ ಬಂಗಲೆಗಳಿಗೆ ಮಾರುತ್ತಾಳೆ. ಮೇಲುಗಡೆ ಥರ್ಮಾಮೀಟರ್ ಕಾರ್ಖಾನೆ ಬಂದಮೇಲೆ ಅದರ ಕೊಳವೆಯ ನೀರೂ ಇದೇ ಹಳ್ಳಕ್ಕೆ. ಈಗ ನನ್ನ ಕೈಯಲ್ಲಿ ಟೀ ಲೋಟ ನಿಲ್ಲುವುದಿಲ್ಲ, ಉಗಿದರೆ ರಕ್ತ. ಕೇರಿಯಲ್ಲಿ ನನ್ನಂಥವರು ಇನ್ನೂ ಇದ್ದಾರೆ. ನೀರಿನಲ್ಲಿ ಪಾದರಸ ಇದೆಯೆಂದು ಪರೀಕ್ಷೆಯಲ್ಲಿ ಬಂದರೆ ಮಾತ್ರ ಕೊಳವೆ ಮುಚ್ಚಿಸುತ್ತೇವೆ ಎಂದಿದ್ದರು ಸರ್ಕಾರದವರು.

ಬಾಟಲಿ ಹಿಡಿದುಕೊಂಡು ಬಂದವನು ಮುನಿರಾಜು, ನನ್ನ ಅಕ್ಕ ಬಾಲಮ್ಮನ ಮಗ. ಅಕ್ಕ ಸತ್ತ ಮೇಲೆ ನಮ್ಮ ಮನೆಯಲ್ಲೇ ಬೆಳೆದವನು, ಸೊಪ್ಪಿನ ದುಡ್ಡಿನಲ್ಲೇ ಬಿ.ಎಸ್ಸಿ. ಓದಿದವನು. ಲ್ಯಾಬಿನಲ್ಲಿ ಅವನಿಗೆ ಕೆಲಸ ಸಿಕ್ಕಾಗ ಕೇರಿಗೆಲ್ಲ ಬೂಂದಿ ಹಂಚಿದ್ದೆ. ನಮ್ಮ ಹುಡುಗನೇ ಇರುವಾಗ ಮೋಸ ಹೇಗಾದೀತು ಎಂದು ನನಗೆ ನಿಜಕ್ಕೂ ಧೈರ್ಯವಿತ್ತು.

ಆದಿಲಕ್ಷ್ಮಿ ಗಾಜಿನ ಬಾಟಲಿಯ ಮುಚ್ಚಳ ತೆಗೆದಳು. ತಳದಲ್ಲಿ ನೀರಿನಂಥದ್ದೇನೋ ಇತ್ತು. ಘಾಟಿಗೆ ಮೂಗು ಸಿಂಡರಿಸಿ ಚೆಲ್ಲಿದಳು. ಮನೆಗೆ ಓಡಿಹೋಗಿ ನಾರು, ಬೂದಿ, ಒಂದು ಕೊಡ ಬೋರ್‌ವೆಲ್ ನೀರು ತಂದು ಒಂದೊಂದೇ ಬಾಟಲಿಯನ್ನು ಬೆಳಗತೊಡಗಿದಳು. ದೊಡ್ಡವರ ಕೈಗೆ ಹೋಗುವ ಪಾತ್ರೆಯನ್ನು ಬೆಳಗದೆ ಕೊಟ್ಟರೆ ಏನಾಗುತ್ತದೆಂದು ನಮ್ಮ ಹೆಂಗಸರಿಗೆ ಗೊತ್ತು. ಚೊಂಬಿನಲ್ಲಿ ಮಸಿ ಕಂಡಿತೆಂದು ಅದೇ ಚೊಂಬನ್ನು ಮುಖಕ್ಕೆ ಎಸೆಸಿಕೊಂಡವಳು ಅವಳು.

“ಅತ್ತೆ...” ಎಂದ ಮುನಿರಾಜು.

ಆಫೀಸರ್ ಅವನತ್ತ ತಿರುಗಿದ. “ತೊಳೀಲಿ ಬಿಡಯ್ಯ. ಕ್ಲೀನಾಗಿದ್ರೆ ಒಳ್ಳೇದಲ್ವಾ?”

“ಹೂಂ ಅತ್ತೆ. ಚೆನ್ನಾಗಿ ತೊಳಿ.”

ಆದಿಲಕ್ಷ್ಮಿ ಸೊಂಟದುದ್ದ ನೀರಿಗಿಳಿದು ಎಲ್ಲವನ್ನೂ ತುಂಬಿಸಿಕೊಟ್ಟಳು. ಬಾಟಲಿಗಳು ಜೀಪಿನ ಸೀಟಿನ ಮೇಲೆ ಬಿಸಿಲಿಗೆ ಕೂತವು. ಅವನ್ನು ತಣ್ಣಗಿಡಲು ತಂದಿದ್ದ ಐಸ್ ಡಬ್ಬಿಯೊಳಗೆ ಕಾರ್ಖಾನೆಯವರು ಕೊಟ್ಟ ಬಿಯರ್ ಇತ್ತು.

ತಿಂಗಳಾದ ಮೇಲೆ ಕಾರ್ಖಾನೆಯ ಗೇಟಿನ ಮುಂದೆ ನಮ್ಮನ್ನು ಸೇರಿಸಿದರು.

“ನೀರಲ್ಲಿ ಪಾದರಸ ಇಲ್ಲ. ಎಲ್ರೂ ಮನೆಗೆ ಹೋಗಿ,” ಎಂದ ಆಫೀಸರ್.

“ಮತ್ತೆ ನನ್ ಕೈ ಯಾಕ್ ಸ್ವಾಮಿ ಹಿಂಗಾಡ್ತೈತೆ?” ಎಂದೆ.

“ಕುಡಿಯೋದು ಕಮ್ಮಿ ಮಾಡು.”

ಗೇಟಿನೊಳಗಿದ್ದವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಹೆಂಡ ಮೂಸಿಯೂ ನೋಡಿದವನಲ್ಲ ನಾನು.

“ಇನ್ನೊಂದ್ ಸತಿ ನೀರ್ ತಗಂಡೋಗಿ,” ಎಂದಳು ಆದಿಲಕ್ಷ್ಮಿ.

“ಕೊಟ್ಟಿದ್ದನ್ನೇ ಹಾಳ್ ಮಾಡಿದ್ರಲ್ಲ! ಪಾದರಸ ಹಾರಿಹೋಗ್ದೆ ಇರ್ಲಿ ಅಂತ ಬಾಟ್ಲೀಲಿ ಆಸಿಡ್ ಹಾಕಿದ್ವಿ. ಯಾರೇ ಚೆಲ್ಲಿದ್ದು ಅದನ್ನ? ನಿಮ್ಮಂಥೋರ ಕೈಗೆ ಕೊಟ್ಟಿದ್ದೇ ತಪ್ಪು.”

ಆದಿಲಕ್ಷ್ಮಿ ಆಫೀಸರ್ ಪಕ್ಕ ನಿಂತಿದ್ದ ಮುನಿರಾಜುವನ್ನು ನೋಡಿದಳು. “ನಿಂಗೊತ್ತಿತ್ತೇನ್ಲಾ?”

ಅವನು ತಲೆ ಎತ್ತಲಿಲ್ಲ. “ಕೆಲ್ಸ ಹೋಗ್ತಿತ್ತು ಅತ್ತೆ.”

“ಥೂ ನಿನ್ ಜನ್ಮಕ್ಕೆ! ನನ್ ಕೈಯಾಗೇ ತೊಳಸ್ದಲ್ಲೋ ಬೋಳಿಮಗನೆ!”

ಆಫೀಸರ್ ಬೈದದ್ದು ನನಗೆ ತಾಕಲಿಲ್ಲ, ಅಂಥ ಮಾತು ಕೇಳಿಯೇ ಬೆಳೆದ ಮೈ ಇದು. ನಾವು ತುತ್ತಿಟ್ಟ ಬಾಯಿ “ಚೆನ್ನಾಗಿ ತೊಳಿ” ಎಂದದ್ದು ತಾಕಿತು. ಅಷ್ಟು ಜನರ ಮುಂದೆಯೇ ಅತ್ತುಬಿಟ್ಟೆ.

ಆದಿಲಕ್ಷ್ಮಿ ಅಳಲಿಲ್ಲ. ಗೇಟಿನ ಪಕ್ಕದ ಇಳಿಜಾರಿನಲ್ಲಿ ಇಳಿದು ಕೊಳವೆಯ ಬಾಯಿಗೆ ಹೋದಳು. ಒಂದು ಪಾತಿ ತುಂಬಿದರೆ ಅದರ ಬಾಯಿಗೆ ಮಣ್ಣು ಜಡಿದು ನೀರನ್ನು ಇನ್ನೊಂದಕ್ಕೆ ತಿರುಗಿಸುವುದು ಸೊಪ್ಪಿನವರ ದಿನನಿತ್ಯದ ಕೆಲಸ. ಬಿದ್ದಿದ್ದ ಗೋಣಿಚೀಲವನ್ನು ಕೊಳವೆಗೆ ತುರುಕಿ ಅದರ ಮೇಲೆ ಮಣ್ಣು ಮೆತ್ತತೊಡಗಿದಳು. ಕೇರಿಯ ಹೆಂಗಸರು ಒಬ್ಬೊಬ್ಬರಾಗಿ ಇಳಿದು ಮಣ್ಣು ಎತ್ತಿಕೊಟ್ಟರು.

“ಪೊಲೀಸ್ ಕರೀತೀನಿ, ಏಯ್!” ಆಫೀಸರ್ ಕಿರುಚಿದ.

ಚೀಲ ಜಾರಿತು. ಆದಿಲಕ್ಷ್ಮಿ ತೋಳಿನವರೆಗೂ ಕೈಯನ್ನು ಕೊಳವೆಯೊಳಗೆ ಹಾಕಿ ಅದನ್ನು ಒತ್ತಿಹಿಡಿದಳು.

“ಅತ್ತೇ!” ಮುನಿರಾಜು ಓಡಿಬಂದ. “ಬರಿಗೈಲಿ ಮುಟ್ಬೇಡ! ವಿಷ ಅದು, ವಿಷ! ಕೈ ತೆಗಿ!”

ಎಲ್ಲರಿಗೂ ಕೇಳಿಸಿತು. ಗೇಟಿನೊಳಗಿನ ನಗು ನಿಂತಿತು.

“ಇನ್ನೊಂದ್ ಸತಿ ಯೋಳು,” ಎಂದಳು ಆದಿಲಕ್ಷ್ಮಿ. “ಆ ನಿನ್ ಸಾಹೇಬನ್ ಮಕ ನೋಡಿ ಯೋಳು. ನೀನ್ ಯೋಳೋ ಗಂಟ ಕೈ ತೆಗ್ಯಾಕಿಲ್ಲ.”

ಮುನಿರಾಜು ತಿರುಗಿ ನೋಡಿದ. ಆಫೀಸರ್ ಬೆರಳೆತ್ತಿ ನಿಂತಿದ್ದ. ಕೊಳವೆ ಕಟ್ಟಿಕೊಂಡು ಕಾರ್ಖಾನೆಯ ಅಂಗಳದಲ್ಲಿ ತುಂಬಿದ ನೀರು ಗೇಟಿನ ಅಡಿಯಿಂದ ಹೊರಬಂದು ಅವನ ಜೀಪಿನ ಚಕ್ರ ಮುಟ್ಟಿತು. ಮುನಿರಾಜು ಇನ್ನೂ ಬಾಯಿ ತೆರೆದಿರಲಿಲ್ಲ, ಅವಳೂ ಕೈ ತೆಗೆದಿರಲಿಲ್ಲ.